ಟವೆಲ್ಲಿನಡಿಯ ಐದು ಬೆರಳು

ಮೊದಲು ಖರ್ಚು ಹೇಳಿಬಿಡುತ್ತೇನೆ. ನಾನು ವ್ಯಾಪಾರದ ಮನುಷ್ಯ. ಬೆಲೆ ತಿಳಿಯದೆ ಯಾರೂ ಮಾಲಿನ ಹತ್ತಿರ ಬರುವುದಿಲ್ಲ ಎಂಬುದು ನನಗೆ ಗೊತ್ತು. ನನ್ನ ಮಗಳು ಕಸ್ತೂರಿಯನ್ನು ನಾವು ಮರಳಿ ಪಡೆಯುವುದಕ್ಕೆ ಹೋದದ್ದು ಇಷ್ಟು: ಕರುವಿದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದ ಒಂದು ಜೋಡಿ ಖಿಲಾರಿ ಎತ್ತು, ಹೆಂಡತಿಯ ಕೊರಳಿನ ಸರ, ಕೈತಪ್ಪಿದ ಎಷ್ಟೋ ಸಂತೆಗಳ ದಲಾಲಿ, ನನ್ನ ಅಕ್ಕನ ಜೊತೆಗಿನ ಎರಡು ವರ್ಷದ ಮಾತುಕತೆ, ಮತ್ತು ಲೆಕ್ಕಕ್ಕೆ ಸಿಗದಷ್ಟು ಧಾರವಾಡ ಪೇಡೆ. ಎತ್ತು ಹೋದ ದಿನ ಅತ್ತೆ. ಉಳಿದದ್ದಕ್ಕೆ ಅಳಲಿಲ್ಲ. ಇವತ್ತು ಯಾರಾದರೂ ಅದೇ ಬೆಲೆಗೆ ಅದೇ ಮಾಲು ಕೊಡುತ್ತೇನೆಂದರೆ ಒಂದು ಮಾತೂ ಚೌಕಾಸಿ ಮಾಡದೆ ಒಪ್ಪಿಕೊಳ್ಳುತ್ತೇನೆ. ನಾನು ಹಾಗೆ ಒಪ್ಪುವವನಲ್ಲ ಎಂಬುದು ನಮ್ಮ ಪೇಟೆಯ ಎತ್ತಿಗೂ ಗೊತ್ತು.

ನನ್ನ ಊರು ನೇಸರಗಿ. ಉದ್ಯೋಗ ಬೈಲಹೊಂಗಲದ ದನದ ಪೇಟೆಯಲ್ಲಿ ದಲಾಲಿ. ಅಪ್ಪ ತೀರಿಕೊಂಡಾಗ ನನಗಿನ್ನೂ ಮೀಸೆ ಚಿಗುರಿರಲಿಲ್ಲ. ಮಂದಿಯ ಎತ್ತು ಹೊಡೆದುಕೊಂಡು ಸವದತ್ತಿಗೆ, ರಾಮದುರ್ಗಕ್ಕೆ ನಡೆದೇ ಹೋಗಿ, ದೊಡ್ಡವರು ವ್ಯಾಪಾರ ಮಾಡುವುದನ್ನು ನಿಂತು ನೋಡಿ ಕಲಿತವನು ನಾನು. ನಮ್ಮ ಪೇಟೆಯಲ್ಲಿ ಖರೇ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವನ ಕೈ ಮೇಲೆ, ಕೊಳ್ಳುವವನ ಕೈ ಮೇಲೆ ಒಂದು ಟವೆಲ್ಲು ಹೊದಿಸುತ್ತೇವೆ. ಅದರ ಕೆಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಮೇಲೆ ಬಾಯಿ ‘ಏ, ಇಷ್ಟಕ್ಕ ಇದರ ಬಾಲಾನೂ ಬರಂಗಿಲ್ಲ’ ಎಂದು ಸುಳ್ಳು ಹೇಳುತ್ತಿರುತ್ತದೆ. ಕೆಳಗೆ ಬೆರಳು ಸತ್ಯ ಮಾತಾಡುತ್ತಿರುತ್ತದೆ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಕಸ್ತೂರಿ ಸಣ್ಣವಳಿದ್ದಾಗ ಇದನ್ನು ಆಟವಾಗಿ ಕಲಿತಿದ್ದಳು. ಎಷ್ಟು ರೊಟ್ಟಿ ಬೇಕು ಎಂದು ಕೇಳಿದರೆ ನನ್ನ ಹೆಗಲ ಟವೆಲ್ಲಿನ ಕೆಳಗೆ ಕೈ ತೂರಿಸಿ ಬೆರಳು ಹಿಡಿಯುತ್ತಿದ್ದಳು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳು ಆಗ ಐದನೇ ಇಯತ್ತೆ. ನಿದ್ದೆ ಕಡಿಮೆಯಾಯಿತು, ಮಾತು ಹೆಚ್ಚಾಯಿತು. ಒಂದು ಮಾತಿನ ಬಾಲ ಹಿಡಿಯುವಷ್ಟರಲ್ಲಿ ಮತ್ತೊಂದು ಮಾತು ಓಡಿ ಹೋಗಿರುತ್ತಿತ್ತು. ಬೇಡ ಅಂದರೆ ಕೈಗೆ ಸಿಕ್ಕ ತಟ್ಟೆ ಗೋಡೆಗೆ. ‘ಹುಡುಗಾಟಿಕಿ’ ಅಂದುಕೊಂಡೆವು. ಕೊನೆಗೆ ಒಂದು ದಿನ ಶಾಲೆಯಿಂದ ಕರೆ ಬಂತು. ಕಲಿಸುವ ಅಕ್ಕೋರು ವರ್ಗಕ್ಕೆ ಬರುವ ಮೊದಲೇ ಇವಳು ಅವರ ಕುರ್ಚಿಯನ್ನು ನಡುವೆ ಎಳೆದು, ಅದರ ಸುತ್ತ ತಿರುಗುತ್ತ ನನ್ನ ಹಾಗೆಯೇ ಕೂಗುತ್ತಿದ್ದಳಂತೆ:

“ಬರ್ರಿ ಬರ್ರಿ! ನಾಕೂ ಕಾಲು ಗಟ್ಟಿ ಅದಾವು, ಒದಿಯಂಗಿಲ್ಲ, ಹಾಯಂಗಿಲ್ಲ! ಮ್ಯಾಲ ಕುಂದ್ರಾಕಿ ಅಷ್ಟ ಭಾಳ ಭಾರ!”

ಹುಡುಗರು ಬಿದ್ದು ಬಿದ್ದು ನಕ್ಕರಂತೆ. ಕೇಳಿದಾಗ ನನಗೂ ಒಳಗೊಳಗೆ ನಗು ಬಂತು. ಆದರೆ ಅಕ್ಕೋರು ರಟ್ಟೆ ಹಿಡಿದಾಗ ಅವಳು ಕಚ್ಚಿದ ಗುರುತನ್ನು ತೋರಿಸಿದರು. ಹಲ್ಲು ಮೂಡಿ ರಕ್ತ ಬಂದಿತ್ತು. ನಗು ಅಲ್ಲೇ ಆರಿತು.

“ಇನ್ನೊಮ್ಮಿ ಹಿಂಗಾದ್ರ ಹೆಸರು ಕಡೀಬೇಕಾಗ್ತೈತ್ರಿ,” ಎಂದರು ಹೆಡ್‌ಮಾಸ್ತರರು. “ಉಳದ ಮಕ್ಕಳ ತಂದಿ-ತಾಯಿಗೆ ನಾ ಏನ ಹೇಳ್ಲಿ?”

ಅವರಿಗೆ ಹೆಸರು ಕಡಿಯುವ ಕೆಲಸವೇ ಬರಲಿಲ್ಲ. ಹಾಗೆ ಬೆಂಕಿಯಾಗಿ ಓಡಾಡಿದ ಹುಡುಗಿ ಒಂದು ಮುಂಜಾನೆ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ. ಸ್ನಾನ ಬೇಡ, ಊಟ ಬೇಡ, ತಲೆ ಮುಟ್ಟಿದರೆ ಚೀರಾಟ. ವಾರಗಟ್ಟಲೆ ಹೀಗೇ ನಡೆಯಿತು. ಕೂದಲು ಗಂಟುಗಟ್ಟಿತು. ಒಂದು ಮಧ್ಯಾಹ್ನ ಅವರವ್ವ ಮಹಾದೇವಿ ಗಂಜಿ ಕುಡಿಸಲು ಹೋದಾಗ ಗೋಡೆಗೇ ಹೇಳಿದಳಂತೆ: “ಅವ್ವಾ, ನಾ ಇಲ್ಲದಿದ್ರ ನಿಮಗ ತ್ರಾಸ ಇರತಿದ್ದಿಲ್ಲ ಅಲ್ಲ?”

ಮಹಾದೇವಿ ಗಂಜಿಯ ಬಟ್ಟಲು ಹಿಡಿದುಕೊಂಡೇ ಓಣಿಯವರೆಗೆ ಓಡಿ ಬಂದಿದ್ದಳು, ನನ್ನನ್ನು ಹುಡುಕಿಕೊಂಡು. ಅವತ್ತಿನಿಂದ ನಮಗೆ ಶಾಲೆಯ ಚಿಂತೆ ಹೋಯಿತು. ಹುಡುಗಿ ಉಳಿಯುತ್ತಾಳೋ ಇಲ್ಲವೋ ಎಂಬುದೊಂದೇ ಉಳಿಯಿತು.

ಸುದ್ದಿ ಕೇಳಿ ರಾಮದುರ್ಗದಿಂದ ನನ್ನ ಅಕ್ಕ ಗಂಗವ್ವ ಬಂದಳು. ನನ್ನನ್ನು ಎತ್ತಿ ಆಡಿಸಿದವಳು, ಅವಳ ಮಾತು ಮೀರಿದ್ದಿಲ್ಲ ನಾನು. ಗಂಟುಗಟ್ಟಿದ ಕೂದಲು ನೋಡಿದ ಕೂಡಲೇ ಕೈ ಮುಗಿದುಬಿಟ್ಟಳು.

“ತಮ್ಮಾ, ಇದು ಜಡ್ಡಲ್ಲೋ. ತಾಯಿ ಜಡಿ ಕೊಟ್ಟಾಳ. ಕತ್ತರಿ ಹಚ್ಚಬ್ಯಾಡ, ಬಾಚಣಿಕಿ ಹಚ್ಚಬ್ಯಾಡ. ಹುಡುಗಿನ್ನ ಗುಡ್ಡಕ್ಕ ಕರಕೊಂಡು ಹೋಗಿ ತಾಯಿ ಉಡಿಯಾಗ ಹಾಕು.”

ಜಡೆ ಬಂದವಳನ್ನು ದೇವಿಗೇ ಬಿಟ್ಟುಬಿಡಬೇಕು ಎಂಬುದು ಅವಳ ಮಾತು. ಸವದತ್ತಿಯ ದೇವಿಯ ಗುಡ್ಡಕ್ಕೆ ಹೋದೆವು. ಭಂಡಾರ ಹಚ್ಚಿಕೊಂಡು, ಮನಸಾರೆ ಕೈಮುಗಿದು, ‘ತಾಯಿ, ಇವಳನ್ನು ನನಗೇ ಬಿಡು’ ಎಂದು ಬೇಡಿಕೊಂಡೆ. ಇಳಿಯುವಾಗ ಅಲ್ಲೇ ಅಂಗಡಿಯಲ್ಲಿ ಒಂದು ಕಟ್ಟಿಗೆಯ ಬಾಚಣಿಗೆ ಕೊಂಡೆ. ತಾಯಿ ಮುನಿಯಲಿಲ್ಲ, ಅಕ್ಕ ಮುನಿದಳು. ಮಹಾದೇವಿ ಇಡೀ ದಿನ ಕೊಬ್ಬರಿ ಎಣ್ಣೆ ಹಚ್ಚಿ, ಒಂದೊಂದೇ ಎಳೆ ಬಿಡಿಸಿದಳು. ಗಂಗಕ್ಕ ಹೊತ್ತು ಇಳಿಯುವ ಮೊದಲೇ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದಳು. ಎರಡು ವರ್ಷ ನಮ್ಮ ಮನೆಯ ನೀರು ಮುಟ್ಟಲಿಲ್ಲ.

ಬೈಲಹೊಂಗಲದ ನಮ್ಮ ಡಾಕ್ಟರು ನಾಡಿ ನೋಡಿ, ಬಹಳ ಹೊತ್ತು ಮಾತಾಡಿಸಿ, ದನಿ ಇಳಿಸಿ ಹೇಳಿದರು: “ಧಾರವಾಡಕ್ಕ ಹೋಗ್ರಿ.”

ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ: ಮನಸ್ಸಿನ ಜಡ್ಡಿನ ದೊಡ್ಡ ದವಾಖಾನೆ ಇರುವುದು ಅಲ್ಲೇ. ಜಗಳದಲ್ಲಿ ‘ನಿನ್ನ ಧಾರವಾಡಕ್ಕ ಕಳಸ್ಬೇಕು ನೋಡು’ ಅಂದರೆ ನಿನಗೆ ಹುಚ್ಚು ಹಿಡಿದಿದೆ ಎಂದರ್ಥ. ಅಂಥ ಊರಿಗೆ ಹನ್ನೊಂದು ವರ್ಷದ ಹೆಣ್ಣುಮಗಳನ್ನು ಕರೆದುಕೊಂಡು ಹೋಗಬೇಕು. ಮಹಾದೇವಿ ಉಪಾಯ ಹೇಳಿದಳು: “ಕೇಳಿದವರಿಗೆ ಪೇಡೆ ತರಾಕ ಹೋಗಿದ್ವಿ ಅಂದ್ರಾತು.” ಸುಳ್ಳು ಹೇಳಿದ ಮೇಲೆ ಸಾಕ್ಷಿ ಬೇಕಲ್ಲ? ಹಾಗಾಗಿ ಹೋದಾಗಲೆಲ್ಲ ಪೇಡೆ ತರಬೇಕಾಯಿತು. ಓಣಿಯ ಮಕ್ಕಳು ನಮ್ಮ ಬಸ್ಸು ಕಾಯುವಂತಾಯಿತು.

ದವಾಖಾನೆಯ ಹೊರಗಿನ ಬಾಕಿನ ಮೇಲೆ ಎಲ್ಲರೂ ನೆಲ ನೋಡುತ್ತ ಕುಳಿತಿದ್ದರು. ನಾನೂ ಟವೆಲ್ಲು ಮುಖದವರೆಗೆ ಎಳೆದುಕೊಂಡು ಕುಳಿತೆ. ಎದುರಿಗೆ ಇನ್ನೊಬ್ಬ ಮನುಷ್ಯ ಥೇಟ್ ನನ್ನ ಹಾಗೆಯೇ ಟವೆಲ್ಲು ಎಳೆದುಕೊಂಡಿದ್ದ. ಅವನ ಕಾಲಿನ ಜೋಡು ನೋಡಿ ಗುರುತು ಹತ್ತಿತು. ಎಂ.ಕೆ. ಹುಬ್ಬಳ್ಳಿಯ ಚನ್ನಬಸಪ್ಪ, ಕಾರ್ಖಾನೆಗೆ ಕಬ್ಬಿನ ಬಂಡಿ ಹೊಡೆಯುವವನು. ಹಿಂದಿನ ವರ್ಷ ನನ್ನ ಕೈಯಿಂದಲೇ ಎತ್ತು ಕೊಂಡಿದ್ದ. ಅವನಿಗೂ ನನ್ನ ಗುರುತು ಹತ್ತಿತು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

“ಏನ್ರಿ ಶಿವಪ್ಪಣ್ಣಾರ, ಇಲ್ಲೆ?” ಎಂದ.

“ಪೇಡೆ ತಗೊಳ್ಳಾಕ ಬಂದಿದ್ವಿ,” ಎಂದೆ. “ನೀವು?”

ಅವನು ಪಕ್ಕದಲ್ಲಿ ಕುಳಿತಿದ್ದ ತನ್ನ ತಮ್ಮನನ್ನು ನೋಡಿದ, ನಮ್ಮ ಕಸ್ತೂರಿಯನ್ನು ನೋಡಿದ. “ನಾವೂ ಪೇಡೇನ ರೀ.”

 ಯಾರಿಂದ ಮೊದಲು ಶುರುವಾಯಿತೋ, ಇಬ್ಬರೂ ನಗತೊಡಗಿದೆವು. ಬಾಕಿನ ಆ ತುದಿಯಲ್ಲಿದ್ದ ಮುದುಕಿಯೊಬ್ಬಳು “ನಮ್ಮ ಮನ್ಯಾಗೂ ಪೇಡೆ ತಿಂದು ತಿಂದು ಸಾಕಾಗೇತ್ರಿಯಪ್ಪಾ” ಎಂದಾಗ ಕಾಯುತ್ತಿದ್ದವರೆಲ್ಲ ನಕ್ಕುಬಿಟ್ಟರು. ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿದದ್ದು ಒಳಗೆ ಅಲ್ಲ, ಆ ಬಾಕಿನ ಮೇಲೆ.

ಒಳಗಿದ್ದವರು ಹೆಣ್ಣು ಡಾಕ್ಟರು. ಕಸ್ತೂರಿಯನ್ನು, ನಮ್ಮನ್ನು, ಬೇರೆ ಬೇರೆ ಕೂರಿಸಿಕೊಂಡು ಕೇಳಿದರು. ಅವಳ ಮನಸ್ಸು ಏರುತ್ತದೆ, ಬೀಳುತ್ತದೆ. ಇದು ಸೊಕ್ಕೂ ಅಲ್ಲ, ಶಾಪವೂ ಅಲ್ಲ, ಜಡ್ಡು, ಇದಕ್ಕೆ ಗುಳಿಗೆ ಇದೆ ಎಂದರು. ಎಷ್ಟು ದಿನ ಎಂದು ಕೇಳಿದೆ.

“ಎರಡು ವರ್ಷರೆ ತಗೋಬೇಕು. ಆಮ್ಯಾಲೆ ನೋಡೂಣು.”

ಮೊದಲು ಹೇಳಿದ ಬೆಲೆ ಯಾವಾಗಲೂ ದುಪ್ಪಟ್ಟು ಎಂಬುದು ನನ್ನ ರಕ್ತದಲ್ಲಿ ಬಂದ ಮಾತು. ಕೈ ತಾನಾಗಿ ಹೆಗಲ ಟವೆಲ್ಲಿಗೆ ಹೋಯಿತು. ಹೆಣ್ಣುಮಗಳು, ಕೈ ಹಿಡಿಯುವ ಹಾಗಿಲ್ಲ. ಬಾಯಲ್ಲೇ ಮಾಡಬೇಕಾಯಿತು.

“ಆರು ತಿಂಗಳು ಮಾಡ್ರಿ ಬಾಯಾರ.”

“ಎರಡು ವರ್ಷ.”

“ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಒಂದು ವರ್ಷ. ಮುಗಿಸಿಬಿಡ್ರಿ.”

ಅವರು ಚಷ್ಮಾ ತೆಗೆದು ನನ್ನನ್ನು ನೋಡಿದರು. “ಯಜಮಾನ್ರು ಏನು ಉದ್ಯೋಗ ಮಾಡ್ತೀರಿ?”

“ದನದ ದಲಾಲಿ ರೀ.”

“ಹೌದನ್ರಿ? ಹಂಗಾರ ಹೇಳ್ರಿ, ಆಕಳ ಗಬ್ಬ ಆದ್ರ ಎಷ್ಟು ತಿಂಗಳಿಗೆ ಈಯ್ತದ?”

“ಒಂಬತ್ತು.”

“ಗಿರಾಕಿ ಅವಸರದಾಗ ಇದ್ರ ಐದಕ್ಕ ಮಾಡಿಸಿ ಕೊಡ್ತೀರೇನು?”

ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಕೆ ನಕ್ಕು ತಿಂಗಳುಗಳೇ ಆಗಿದ್ದವು. ನಾನು ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡೆ. ಬೆಲೆ ಇಳಿಸದವರು ಎರಡು ನಮೂನೆ: ಗಿರಾಕಿ ಬೇಡಾದವರು, ಮಾಲು ಖರೆ ಇದ್ದವರು. ಇವರು ಎರಡನೆಯವರು ಎಂದು ನನ್ನ ಮನಸ್ಸು ಹೇಳಿತು.

ಗುಳಿಗೆ ಶುರುವಾಯಿತು. ಪುಣ್ಯಕ್ಕೆ ಕಸ್ತೂರಿ ಎದ್ದಳು, ಉಂಡಳು, ಶಾಲೆಗೂ ಹೋದಳು. ಚೀರಾಟ ಇಲ್ಲ, ತಟ್ಟೆ ಒಡೆಯುವುದಿಲ್ಲ. ಕೂರು ಅಂದಲ್ಲಿ ಕೂರುತ್ತಾಳೆ. ಅಕ್ಕೋರು ದಾರಿಯಲ್ಲಿ ಸಿಕ್ಕು, “ಎಷ್ಟು ಶಾಣ್ಯಾ ಆಗ್ಯಾಳ್ರಿ ನಿಮ್ಮ ಮಗಳು! ಇಡೀ ವರ್ಗದಾಗ ಆಕಿದೊಂದು ಸಪ್ಪಳಿಲ್ಲ,” ಎಂದರು. ಓಣಿಯವರು ಹೊಗಳಿದರು. ಮಹಾದೇವಿ ಹರಕೆ ತೀರಿಸಿದಳು. ನಾನೂ ಒಂದೆರಡು ತಿಂಗಳು ಹಿಗ್ಗಿನಲ್ಲೇ ಇದ್ದೆ.

ಇಲ್ಲಿ ನಮ್ಮ ಪೇಟೆಯ ಒಂದು ಮೋಸ ಹೇಳಬೇಕು. ಒದೆಯುವ ಎತ್ತನ್ನು ಮಾರಬೇಕಾದರೆ ಕೆಲವರು ಸಂತೆಯ ದಿನ ಮುಂಜಾನೆ ಅದಕ್ಕೆ ಸೆರೆ ಕುಡಿಸುತ್ತಾರೆ. ಎತ್ತು ಕುರಿಯಂತೆ ನಿಲ್ಲುತ್ತದೆ. ಹೊಸಬರು ‘ಎಂಥ ಸಾಧು ಎತ್ತು!’ ಎಂದು ಕೊಂಡು ಹೋಗುತ್ತಾರೆ. ಸಂಜೆ ಅಮಲು ಇಳಿದ ಮೇಲೆ ಗೊತ್ತಾಗುತ್ತದೆ. ನಾವು ದಲಾಲರು ಅಂಥ ಎತ್ತಿನ ಕಾಲು ನೋಡುವುದಿಲ್ಲ, ಕೊಂಬು ನೋಡುವುದಿಲ್ಲ. ಅದರ ಮೈಮೇಲೆ ನೊಣ ಕೂರುವುದನ್ನು ಕಾಯುತ್ತೇವೆ. ಆರೋಗ್ಯದ ಎತ್ತು ಎಷ್ಟೇ ಸಾಧು ಇರಲಿ, ನೊಣ ಕುಳಿತ ಜಾಗದ ಚರ್ಮವನ್ನು ಝಾಡಿಸುತ್ತದೆ. ಕುಡಿದ ಎತ್ತು ಸುಮ್ಮನಿರುತ್ತದೆ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಕಸ್ತೂರಿಯ ಕೆನ್ನೆಯ ಮೇಲೆ ನೊಣ ಬಂದು ಕುಳಿತಿತು. ನಾನು ನೋಡುತ್ತಲೇ ಇದ್ದೆ. ಅದು ಕೆನ್ನೆಯಿಂದ ತುಟಿಗೆ ನಡೆಯಿತು, ತುಟಿಯಿಂದ ಮೂಗಿನ ಕೆಳಗೆ ಹೋಯಿತು. ಅವಳು ರೊಟ್ಟಿ ಮುರಿಯುತ್ತಲೇ ಇದ್ದಳು. ಕೈ ಮೇಲೆ ಏಳಲಿಲ್ಲ.

 ಅವಳು ಹೊರಗೆ ಹೋದ ಮೇಲೆ ಗುಳಿಗೆಯ ಡಬ್ಬಿ ಎತ್ತಿಕೊಂಡು ಮಹಾದೇವಿಗೆ ಹೇಳಿದೆ: “ಹುಡುಗಿ ಅರಾಮಾಗಿಲ್ಲ. ನಾವು ಸೆರೆ ಕುಡಿಸಿ ನಿಂದರಿಸೀವಿ. ನಾಳಿಂದ ಗುಳಿಗಿ ಬಂದ್.”

“ನಿಮಗೇನ ಬ್ಯಾನಿ?” ಎಂದಳು. “ಮನ್ಯಾಗ ಈ ಎರಡು ತಿಂಗಳದಾಗ ಒಂದು ತಾಟು ಒಡದಿಲ್ಲ.”

“ತಾಟು ಒಡದಿಲ್ಲ ಖರೆ. ಮಗಳು ಎಲ್ಲಿ ಅದಾಳ ತೋರಿಸು ನನಗ.”

 ಅವಳು ಆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಉಡಿಗೆ ಹಾಕಿಕೊಂಡಳು. “ಕೊಂಡ ಎತ್ತು ಸರಿ ಬರಲಿಲ್ಲಂದ್ರ ಏನು ಮಾಡ್ತೀರಿ? ಹಗ್ಗ ಬಿಚ್ಚಿ ರಸ್ತಾದಾಗ ಬಿಡ್ತೀರೇನು? ಕೊಟ್ಟವರ ಬಾಗಲಕ್ಕ ಹೋಗಿ ಮಾತಾಡ್ತೀರಿಲ್ಲೊ? ನಾಳಿ ಮುಂಜಾನಿ ಬಸ್ಸಿಗೆ ನಡೀರಿ.”

ಅವಳು ಸಂತೆಗೆ ಬಂದವಳಲ್ಲ. ಆದರೂ ನನಗಿಂತ ಪಕ್ಕಾ ದಲಾಲಿ ಅವಳೇ. ಅವತ್ತು ಆ ಡಬ್ಬಿ ನನ್ನ ಕೈಯಲ್ಲೇ ಉಳಿದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಡಾಕ್ಟರು ಕೇಳಿದರು, “ಹೆಂಗಿದೀ ಕಸ್ತೂರಿ?”

“ಅರಾಮ ಅದೇನ್ರಿ.”

“ಸಾಲ್ಯಾಗ?”

“ಅರಾಮ ಅದೇನ್ರಿ.”

ನಾನು ನೊಣದ ಮಾತು ಹೇಳಿದೆ. ಸೆರೆ ಕುಡಿದ ಎತ್ತಿನ ಮಾತನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು. “ಇದು ಉಪಯೋಗದ ಮಾತು. ಆದ್ರ ಆಕಿ ಬಾಯಿಲೆ ಕೇಳಬೇಕಲ್ಲ ನಾನು?” ಎಂದು ಮತ್ತೊಮ್ಮೆ ಅವಳ ಕಡೆ ತಿರುಗಿದರು. ಕಸ್ತೂರಿ ಅವರವ್ವನ ಮುಖ ನೋಡಿ ಮತ್ತೆ ಅದನ್ನೇ ಹೇಳಿದಳು, ಅರಾಮ ಅದೇನ್ರಿ.

ಆಗ ನನಗೆ ಹೊಳೆಯಿತು, ಬಾಯಿ ಮೇಲಿನ ಮಾತು ಹೇಳುತ್ತಿದೆ. ಹೆಗಲ ಟವೆಲ್ಲು ತೆಗೆದು ಅವಳ ಕೈ, ನನ್ನ ಕೈ ಮೇಲೆ ಹೊದಿಸಿದೆ. “ಕಸ್ತೂರಿ, ಐದು ಬೆರಳು ಅಂದ್ರ ಹಿಂದಕಿನ ನೀನು. ಅಕ್ಕೋರ ಕುರ್ಚಿ ಮಾರಿದಾಕಿ. ಇವತ್ತು ಎಷ್ಟು?”

 ಅವಳ ಕೈ ಹಿಂದೆ ಸರಿಯಿತು, ಮತ್ತೆ ಬಂತು. ನನ್ನ ಕಿರುಬೆರಳೊಂದನ್ನೇ ಹಿಡಿದಳು. ಗಟ್ಟಿಯಾಗಿ ಹಿಡಿದಳು.

“ಒಂದು,” ಎಂದೆ ಡಾಕ್ಟರಿಗೆ. 

ಟವೆಲ್ಲು ಮೇಲಿದ್ದ ಹಾಗೆಯೇ ಅವಳು ಮಾತಾಡಿದಳು. “ಒಳಗ ಎಲ್ಲಾ ದೂರ ಐತ್ರಿ. ಅವ್ವ ಕರದ್ರ ಬಾವ್ಯಾಗಿಂದ ಕರದಂಗ ಕೇಳತೈತಿ. ಎಲ್ಲಾರೂ ಖುಷಿ ಅದಾರ ಅಂತ ಹೇಳಲಿಲ್ಲ.”

ಮಹಾದೇವಿ ಅತ್ತಳು. ಡಾಕ್ಟರು ಅವಳ ಮುಂದೆ ನೀರಿನ ಲೋಟ ಸರಿಸಿ, ನನ್ನ ಕಡೆ ತಿರುಗಿದರು. “ನೋಡ್ರಿ ಯಜಮಾನ್ರ, ನಿಮ್ಮ ಕಣ್ಣು ಖರೆ, ನಿಮ್ಮ ತೀರ್ಪು ತಪ್ಪು. ಇದು ಸೆರೆ ಅಲ್ಲ. ಒಮ್ಮೆಲೆ ಬಿಟ್ರ ಆಕಿ ಮತ್ತ ಗ್ವಾಡಿ ಕಡೆ ಹೊಳ್ಳತಾಳ, ಇಲ್ಲಾ ಮತ್ತ ಬೆಂಕಿ ಆಗ್ತಾಳ. ಒಂದನ್ನ ಸಾವಕಾಶ ಇಳಸೂಣು, ಇನ್ನೊಂದು ಹಚ್ಚೂಣು. ಅಳತಿ ಹುಡುಕಬೇಕು. ಹುಡುಕೂತನಕ ಈ ಟಾವೆಲ್ ಬಿಡಬ್ಯಾಡ್ರಿ.” ಆಮೇಲೆ ಕಸ್ತೂರಿಗೆ ಹೇಳಿದರು: “ಬಿದ್ದದ್ದಷ್ಟ ಅಲ್ಲವಾ, ಏರಿದ್ದೂ ಹೇಳಬೇಕು. ಅದಕ್ಕೊಂದು ಗುರುತು ಮಾಡ್ಕೋರಿ.” ಅಪ್ಪ-ಮಗಳು ಅಲ್ಲೇ ಒಪ್ಪಂದ ಮಾಡಿಕೊಂಡೆವು. ಹೆಬ್ಬೆರಳೊಂದನ್ನೇ ಹಿಡಿದರೆ ಮನಸ್ಸು ಏರುತ್ತಿದೆ, ಗಾಡಿ ಕೈಮೀರಿ ಓಡುತ್ತಿದೆ ಎಂದರ್ಥ.

ಅಳತೆ ಸುಮ್ಮನೆ ಸಿಗಲಿಲ್ಲ. ಒಂದು ಗುಳಿಗೆಗೆ ಕೈ ನಡುಗಿತು, ಅಕ್ಷರ ಕೋಳಿ ಕೆದರಿದ ಹಾಗಾದವು. ಮತ್ತೊಂದಕ್ಕೆ ಮೈ ಬಂತು. ಶಾಲೆಯಲ್ಲಿ ‘ಎಮ್ಮಿ’ ಎಂದರು. ರಕ್ತ ತಪಾಸಣೆಗೆ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಅವಳಿಗೆ ಹೆದರಿಕೆಯೇ ಹೋಯಿತು. ಪ್ರತಿ ಸಲವೂ ಧಾರವಾಡ, ಪ್ರತಿ ಸಲವೂ ಟವೆಲ್ಲು. ಎರಡು ಬೆರಳಾಯಿತು. ಮತ್ತೆ ಒಂದಕ್ಕೆ ಇಳಿಯಿತು. ಎರಡು, ಎರಡು, ಮೂರು. ಖಿಲಾರಿ ಜೋಡಿಯನ್ನು ಮಾರಿದ್ದು ಆ ದಿನಗಳಲ್ಲೇ.

ಒಂದು ಮುಂಜಾನೆ ನಾನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಅಡುಗೆಮನೆಯಿಂದ ಕಸ್ತೂರಿಯ ದನಿ ಕೇಳಿತು: “ಎವ್ವಾ, ಈ ಪಲ್ಯಾಕ ಉಪ್ಪು ಹಾಕೀಯೋ ಇಲ್ಲೋ? ಅಪ್ಪ ಸಂತಿಗೆ ಹೋದಾನಂತ ತಿಳದು ಏನ ಬೇಕಾದ್ದು ಮಾಡಿ ಹಾಕ್ತೀಯಲ್ಲ!” ಮಹಾದೇವಿ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಕೇಳಿದ್ರೇನು? ಬೈಯಾಕ ಹತ್ತಿದಳ್ರಿ! ನನಗ ಬೈಯಾಕ ಹತ್ತಿದಳು!” ಅವತ್ತು ಟವೆಲ್ಲಿನ ಕೆಳಗೆ ನಾಲ್ಕು ಬೆರಳು ಸಿಕ್ಕವು. ಪಲ್ಯಕ್ಕೆ ಖರೇನೇ ಉಪ್ಪಿರಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಅದೇ ವಾರ ಪೇಟೆಯಲ್ಲಿ ಈರಪ್ಪ ನನ್ನ ಕಾಲೆಳೆದ. ಅವನೂ ದಲಾಲಿ, ನನ್ನ ಎದುರಾಳಿ, ಬಾಯಿ ದೊಡ್ಡದು. ಎಲ್ಲರೆದುರಿಗೆ ಕೂಗಿದ: “ಏನ ಶಿವಪ್ಪಣ್ಣ, ತಿಂಗಳಾತಂದ್ರ ಪೇಡೆ ಪೇಡೆ ಅಂತೀ. ಧಾರವಾಡದಾಗ ಯಾರ್ನರೆ ಇಟ್ಕೊಂಡೀಯೇನು?”

ಎಲ್ಲರೂ ನಕ್ಕರು. ನಾಲ್ಕು ಬೆರಳಿನ ಬಲ ನನ್ನ ಕೈಯಲ್ಲಿ ಇನ್ನೂ ಇತ್ತು.

“ಮಗಳಿಗೆ ತಲಿ ಗುಳಿಗಿ ತರಾಕ ಹೋಗ್ತೇನೋ ಈರಪ್ಪಾ. ಆಕಿ ಮನಸ್ಸು ಒಮ್ಮೊಮ್ಮಿ ಏರತೈತಿ, ಒಮ್ಮೊಮ್ಮಿ ಬೀಳತೈತಿ. ಡಾಕ್ಟರು ಹಿಡದಾರ. ಈಗ ಛಲೋ ಅದಾಳ. ಪೇಡೆ ಬೇಕೇನು ನಿನಗ?”

ನಗು ನಿಂತಿತು. ಯಾರೋ ಎತ್ತಿನ ಹಗ್ಗ ಸರಿಮಾಡಿದರು, ಯಾರೋ ಬೀಡಿ ಹಚ್ಚಿದರು. ಮಾತು ಊರು ತುಂಬ ಹೋಗುತ್ತದೆ, ಹೋಗಲಿ ಎಂದುಕೊಂಡೆ. ಸಂತೆ ಕರಗುವ ಹೊತ್ತಿಗೆ ಈರಪ್ಪ ನನ್ನ ಹತ್ತಿರ ಬಂದ. ಅವನ ಹತ್ತಿರ ಮಾರಲು ಎತ್ತಿರಲಿಲ್ಲ, ನನ್ನ ಹತ್ತಿರ ಕೊಳ್ಳುವವರಿರಲಿಲ್ಲ. ಆದರೂ ತನ್ನ ಟವೆಲ್ಲನ್ನು ನಮ್ಮಿಬ್ಬರ ಕೈ ಮೇಲೆ ಹಾಕಿದ. ಬೆರಳು ಹಿಡಿಯಲಿಲ್ಲ, ಇಡೀ ಕೈ ಹಿಡಿದ.

“ನಮ್ಮ ತಂಗಿ ಮಗಳು ಅಣ್ಣಾ,” ಎಂದ ಸಣ್ಣ ದನಿಯಲ್ಲಿ. “ಯಾ ಓಣ್ಯಾಗ ಐತಿ ದವಾಖಾನಿ?”

ಆಮೇಲೆ ಹಾಗೆ ಬಂದವರು ಬಹಳ ಜನ. ವ್ಯಾಪಾರ ಮಾಡಿದ ಹಾಗೆ ಟವೆಲ್ಲು ಹಾಕುವುದು, ಕೆಳಗೆ ಕೈ ಹಿಡಿದು ಮಗನದ್ದು, ಹೆಂಡತಿಯದ್ದು, ತಮ್ಮನದ್ದು ಹೇಳುವುದು. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ದಲಾಲಿ ನಾನು ಮಾಡಿಲ್ಲ.

ಕಸ್ತೂರಿ ಹತ್ತನೆಯ ಇಯತ್ತೆಗೆ ಬಂದಳು. ಪರೀಕ್ಷೆ ಹತ್ತಿರ ಬಂದಾಗ ಓದು ಅಂದರೆ ಅಂಥಿಂಥ ಓದಲ್ಲ. ನಾವು ಏಳುವ ಮೊದಲೇ ಎದ್ದಿರುತ್ತಿದ್ದಳು, ಹಾಡಿಕೊಂಡು ಓದುತ್ತಿದ್ದಳು. ಗಂಗಕ್ಕ ಆ ವೇಳೆಗೆ ನಮ್ಮ ಮನೆಗೆ ಮತ್ತೆ ಬರತೊಡಗಿದ್ದಳು. ಎರಡು ವರ್ಷ ತುಂಬಿದ ಮೇಲೆ ಒಂದು ದಿನ ಸುಮ್ಮನೆ ಬಂದು, “ಊರ ಮಂದಿಗೆಲ್ಲಾ ಪೇಡೆ ತಿನಿಸೀದಿ, ಅಕ್ಕಗ ಒಂದು ತರಲಿಲ್ಲಲ್ಲೋ” ಎಂದು ಜಗಳ ತೆಗೆದಿದ್ದಳು. ಅದೇ ಅವಳ ರಾಜಿ. ಈಗ ಅವಳು ಕಸ್ತೂರಿಯನ್ನು ನೋಡಿ ದೃಷ್ಟಿ ತೆಗೆಯುತ್ತಿದ್ದಳು. “ಎಂಥ ಕಳಾ ಬಂದೈತೋ ಹುಡುಗಿ ಮಾರಿ ಮ್ಯಾಲ! ಇನ್ನ ಯಾಕ ಗುಳಿಗಿ? ಒಗದುಬಿಡ್ರಿ ಅತ್ಲಾಗ.”

ಅವಳು ಆ ಮಾತು ಹೇಳುತ್ತಿದ್ದಾಗಲೇ ಕಸ್ತೂರಿ ನಗುನಗುತ್ತ ಬಂದು ನನ್ನ ಪಕ್ಕ ಕುಳಿತಳು. ನನ್ನ ಹೆಗಲ ಟವೆಲ್ಲು ಎಳೆದು ಕೈ ಮೇಲೆ ಹಾಕಿದಳು. ಮುಖದ ಮೇಲೆ ನಗು ಹಾಗೆಯೇ ಇದೆ, ಅತ್ತೆಗೆ ಉತ್ತರ ಕೊಡುತ್ತಲೇ ಇದ್ದಾಳೆ. ಕೆಳಗೆ ನನ್ನ ಹೆಬ್ಬೆರಳನ್ನು ಹಿಡಿದಳು.

ನಾನು ಅವಳ ಮುಖ ನೋಡಿದೆ. ತಲೆಯಾಡಿಸಿದಳು.

ಮರುದಿನ ಮೊದಲ ಬಸ್ಸಿಗೆ ಹೋದೆವು. ಡಾಕ್ಟರು ಗುಳಿಗೆ ಹೆಚ್ಚು-ಕಡಿಮೆ ಮಾಡಿದರು. “ಈ ಸಲ ಬೆಂಕಿ ಹತ್ತೂದಕಿಂತ ಮೊದಲ ಬಂದೀರಿ,” ಎಂದರು. “ಯಾರು ಹಿಡದ್ರಿ ಇದನ್ನ?” ನಾನು ಮಗಳ ಕಡೆ ಬೆರಳು ತೋರಿಸಿದೆ. ಪರೀಕ್ಷೆಯನ್ನು ಪಾಸು ಮಾಡಿದಳು. ಹಾಗೆ ನೋಡಿದರೆ ಅವಳು ನಿಜವಾಗಿ ಪಾಸಾದದ್ದು ಗಂಗಕ್ಕನ ಎದುರಿಗೆ, ನಮ್ಮ ಕಟ್ಟೆಯ ಮೇಲೆ. ನಾನು, ಅವರವ್ವ, ಡಾಕ್ಟರು ಯಾರೂ ನೋಡುವ ಮೊದಲು ತನ್ನ ಜಡ್ಡಿನ ಮೂಗುದಾರವನ್ನು ತಾನೇ ಹಿಡಿದಿದ್ದಳು.

ಇನ್ನೊಂದು ಗೆಲುವು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಎರಡು ವರ್ಷ ಎಂದದ್ದು ಮುಂದೆ ಹೋಗಿತ್ತು. ಕಾಲೇಜು ಮುಗಿಸಿದ ಮೇಲೆ ಕಸ್ತೂರಿ ಒಂದು ದಿನ ನಮ್ಮಿಬ್ಬರನ್ನೂ ಬಾಕಿನ ಮೇಲೆ ಕೂರಿಸಿ ತಾನೊಬ್ಬಳೇ ಡಾಕ್ಟರ ಕೋಣೆಗೆ ಹೋದಳು. ನಾನು ಬಾಗಿಲಿಗೆ ಕಿವಿ ಕೊಡಲು ಹೋದರೆ ಮಹಾದೇವಿ ಧೋತರ ಹಿಡಿದು ಎಳೆದಳು. ಬಹಳ ಹೊತ್ತಿನ ಮೇಲೆ ಕಸ್ತೂರಿ ಹೊರಗೆ ಬಂದಳು.

“ಒಂದು ಗುಳಿಗಿ ಸಾವಕಾಶ ಇಳಸೂಣು ಅಂದ್ರು. ಇನ್ನೊಂದು ಇರ್ಲಿ ಅಂದ್ರು. ನಾನೂ ಇರ್ಲಿ ಅಂದೆ.”

“ನಾ ಕೇಳಿದಾಗ ಒಂದು ದಿನಾನೂ ಇಳಸಲಿಲ್ಲಲ್ಲ ಆ ಬಾಯಾರು!”

“ನೀ ಬರೇ ಬೆಲಿ ಕೇಳಿದ್ದಿ ಅಪ್ಪಾ,” ಎಂದಳು. “ನಾ ಮಾಲು ತೋರಿಸಿದೆ.”

ಇವತ್ತು ಅವಳು ಬೈಲಹೊಂಗಲದಲ್ಲಿ ದನದ ಹಿಂಡಿ ಮಾರುವ ಅಂಗಡಿ ನಡೆಸುತ್ತಾಳೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಗುಳಿಗೆಯ ಡಬ್ಬಿ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಯಾರಾದರೂ ಇದೇನೆಂದು ಕೇಳಿದರೆ “ನಂದು ರೀ. ನಿಮಗ ಎಷ್ಟು ಚೀಲ ಬೇಕು?” ಎನ್ನುತ್ತಾಳೆ. ಚೌಕಾಸಿಯಲ್ಲಿ ನಾನೇ ಅವಳ ಮುಂದೆ ಸೋಲುತ್ತೇನೆ. ನನ್ನ ಆಕಳಿಗೆ ಹಿಂಡಿ ಕೊಳ್ಳುವಾಗ ಅಪ್ಪ ಅಂತ ಒಂದು ರೂಪಾಯಿ ಬಿಡುವುದಿಲ್ಲ.

ಈಗ ನಿಮಗೆ ಹೇಳುವ ಮಾತು. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ, ಪೇಡೆ ತರಲು ಹೋಗಬೇಡಿ, ದವಾಖಾನೆಗೆ ಹೋಗಿ. ಪೇಡೆ ಆಮೇಲೆ ತನ್ನಿ. ದೇವರಿಗೆ ಕೈ ಮುಗಿಯಬೇಕೆನಿಸಿದರೆ ಮುಗಿಯಿರಿ, ಬಾಚಣಿಗೆಯನ್ನೂ ಕೊಳ್ಳಿ. ಗಂಡ-ಹೆಂಡತಿ ಇಬ್ಬರೂ ಹೋಗಿ, ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ. ಗುಳಿಗೆ ಸರಿಹೋಗುತ್ತಿಲ್ಲ ಅನಿಸಿದರೆ ನೀವಾಗಿ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ, ಅವತ್ತೇ ಹೋಗಿ ಡಾಕ್ಟರಿಗೆ ಹೇಳಿ. ದೊಡ್ಡ ಮಾತು ಬರದಿದ್ದರೆ ನಿಮ್ಮ ಕಸುಬಿನ ಮಾತಲ್ಲೇ ಹೇಳಿ. ನಾನು ನೊಣದಿಂದ ಹೇಳಿದೆ, ನೀವು ನೂಲಿನಿಂದ ಹೇಳಿ, ಹೊಲದಿಂದ ಹೇಳಿ. ಒಳ್ಳೆಯ ಡಾಕ್ಟರಿಗೆ ತಿಳಿಯುತ್ತದೆ. ಹಬ್ಬಕ್ಕೆ, ಮದುವೆಗೆ ಊರಿಗೆ ಹೊರಟಾಗ ಗುಳಿಗೆಯನ್ನು ಮೊದಲು ಕಟ್ಟಿಕೊಳ್ಳಿ, ಬಟ್ಟೆ ಆಮೇಲೆ. ರಕ್ತ ತಪಾಸಣೆ ಹೇಳಿದ್ದರೆ ತಪ್ಪಿಸಬೇಡಿ. ಮಗು ತನ್ನ ಜೀವದ ಬಗ್ಗೆ ಬೇಸರದ ಮಾತಾಡಿದರೆ ನಾಳೆ ಎನ್ನಬೇಡಿ. ಊರ ಮಂದಿ ಏನಾದರೂ ಅಂದರೆ ಅನ್ನಲಿ. ಅವರಲ್ಲಿ ಅರ್ಧ ಜನ ಸಂಜೆ ನಿಮ್ಮ ಕೈ ಹಿಡಿಯಲು ಬರುವವರೇ.

ಮತ್ತು ಮಗು ಸುಮ್ಮನಾಯಿತೆಂದು ಹಿಗ್ಗಬೇಡಿ. ಕೇಳಿ. ಬಾಯಿ ಬಿಡದಿದ್ದರೆ ಬೆರಳು ಕೇಳಿ.

ಕೇಳುವುದಕ್ಕೂ ಒಂದು ರೀತಿ ಇದೆ. ಅದನ್ನು ನನಗೆ ಕಲಿಸಿದವಳು ಕಸ್ತೂರಿಯೇ. ಬೆರಳು ಇನ್ನೂ ಎರಡರಲ್ಲೇ ನಿಂತಿದ್ದ ದಿನಗಳಲ್ಲಿ, ಬಸ್ಸಿನಲ್ಲಿ ಬರುವಾಗ ತಟ್ಟನೆ ಕೇಳಿದಳು: “ನಂದು ದಿನಾ ಕೇಳ್ತೀಯಲ್ಲ ಅಪ್ಪಾ, ನಿಂದೆಷ್ಟು?” ನಾನು ಐದೂ ಬೆರಳು ಕೊಟ್ಟೆ. ಅವಳು ಹಿಡಿಯಲಿಲ್ಲ, ಚಿವುಟಿದಳು. “ಪ್ಯಾಟ್ಯಾಗ ಸುಳ್ಳು ಹೇಳೂದು ಬಾಯಿ. ಬೆರಳಲ್ಲ ಅಂತ ನೀನ ಹೇಳೀದಿ.” ಮೂರು ಬೆರಳು ಮಡಚಿ ಎರಡನ್ನು ಉಳಿಸಿದೆ. ಅವಳು ಆ ಎರಡನ್ನು ಊರು ಬರುವವರೆಗೂ ಬಿಡಲಿಲ್ಲ. ಆಮೇಲಿಂದ ಒಂದು ಸಲವೂ ನನಗೆ ಸುಳ್ಳೇ ‘ಅರಾಮ ಅದೇನಿ’ ಎಂದು ಹೇಳಲಿಲ್ಲ.

ಅದಕ್ಕೇ ಹೇಳುವುದು, ಮಗುವಿನ ಬೆರಳು ಕೇಳುವ ಮೊದಲು ನಿಮ್ಮದನ್ನು ಕೊಡಿ. ಖರೇ ಬೆರಳು ಕೊಟ್ಟವನಿಗೇ ಖರೇ ಬೆರಳು ಸಿಗುತ್ತದೆ. ಇದು ದನದ ಪೇಟೆಯ ನಿಯಮ. ಮನೆಯಲ್ಲೂ ನಡೆಯುತ್ತದೆ, ಮಾಡಿ ನೋಡಿದ್ದೇನೆ.